ಹುಚ್ಚೆಳ್ಳಿನ ಹೊಲವೂ ಇಂಗ್ಲಿಷ್ ಕ್ಲಾಸೂ

ಇಂಗ್ಲಿಷ್ ಸಾಹಿತ್ಯ ಎನ್ನುವ ಪಾಠ ಇಂಗ್ಲೆಂಡಿನಿಂದ ಹಡಗು ಹತ್ತಿ ನೇರವಾಗಿ ನಮ್ಮ ಕಾಲೇಜುಗಳಿಗೆ ಬಂದಿಳಿಯಿತೆಂದೇ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಪುಸ್ತಕಗಳು ಬಂದದ್ದು ಅಲ್ಲಿಂದಲೇ, ಅನುಮಾನವಿಲ್ಲ. ಆದರೆ ಆ ಪುಸ್ತಕಗಳನ್ನು ತರಗತಿಯಲ್ಲಿಟ್ಟು, ಸಾಲು ಸಾಲು ಬಿಡಿಸಿ ಹೇಳಿ, ವರ್ಷದ ಕೊನೆಗೆ ಪರೀಕ್ಷೆ ಮಾಡಿ ಪದವಿ ಕೊಡುವ ಏರ್ಪಾಡು ಇದೆಯಲ್ಲ, ಅದು ದೊಡ್ಡದಾಗಿ ಬೇರೂರಿದ್ದು ನಮ್ಮ ನೆಲದಲ್ಲಿ. ಲಂಡನ್ನಿನ ಹೊಸ ಕಾಲೇಜೊಂದು 1828ರಿಂದ ಅದನ್ನು ಕಲಿಸುತ್ತಿತ್ತು ನಿಜ. ಆಕ್ಸ್‌ಫರ್ಡಿನಲ್ಲಿ ಅದು ಪ್ರತ್ಯೇಕ ಪದವಿ ವಿಷಯವಾದದ್ದು ಮಾತ್ರ 1890ರ ದಶಕದಲ್ಲಿ, ಕೇಂಬ್ರಿಜ್ಜಿನಲ್ಲಿ 1917ರಲ್ಲಿ. ಅಲ್ಲಿಯ ಪಂಡಿತರಿಗೆ ಗ್ರೀಕು, ಲ್ಯಾಟಿನ್ನುಗಳೇ ವಿದ್ಯೆ. ಮನೆಮಾತಿನ ಕವಿಗಳನ್ನು ಓದಲು ಮೇಷ್ಟ್ರು ಬೇರೆ ಬೇಕೇ ಎನ್ನುವ ಧೋರಣೆ.

ಇಲ್ಲಿ ಹಾಗಲ್ಲ. 1813ರಲ್ಲಿ ಕಂಪನಿ ಸರ್ಕಾರ ವಿದ್ಯೆಗೆಂದು ವರ್ಷಕ್ಕೆ 1 ಲಕ್ಷ ರೂಪಾಯಿ ತೆಗೆದಿಡಬೇಕೆಂದು ಕಾನೂನಾಯಿತು. ಆ ದುಡ್ಡು ಸಂಸ್ಕೃತ, ಅರಬ್ಬಿಗೋ ಇಂಗ್ಲಿಷಿಗೋ ಎಂದು ಇಪ್ಪತ್ತು ವರ್ಷ ಜಗಳವಾಡಿದರು. 1835ರ ಫೆಬ್ರವರಿಯಲ್ಲಿ ಮೆಕಾಲೆ ತನ್ನ ಟಿಪ್ಪಣಿ ಬರೆದ, ಮಾರ್ಚಿನಲ್ಲಿ ಬೆಂಟಿಂಕ್ ಅದಕ್ಕೆ ಒಪ್ಪಿಗೆ ಕೊಟ್ಟ. ನಮ್ಮ ಇಂಗ್ಲಿಷ್ ವಿದ್ಯೆಗೆಲ್ಲ ಮೆಕಾಲೆಯೇ ಮೂಲಪುರುಷ ಎಂದು ಭಾಷಣದಲ್ಲಿ ಹೇಳುತ್ತಾರೆ. ನನಗೆ ಅವನಿಗಿಂತ ಮುಖ್ಯವಾಗಿ ಕಾಣುವುದು 1844ರಲ್ಲಿ ಹಾರ್ಡಿಂಜ್ ಹೊರಡಿಸಿದ ಆಜ್ಞೆ. ಇಂಗ್ಲಿಷ್ ಶಾಲೆಯಲ್ಲಿ ಓದಿದವರಿಗೆ ಸರ್ಕಾರಿ ಕೆಲಸದಲ್ಲಿ ಆದ್ಯತೆ ಎಂದಿತು ಅದು. ಷೇಕ್ಸ್‌ಪಿಯರನಿಗೂ ಸಂಬಳಕ್ಕೂ ಗಂಟು ಬಿದ್ದದ್ದು ಆವತ್ತು. ಆ ಗಂಟನ್ನು ಬಿಚ್ಚಲು ಆಮೇಲೆ ಯಾರಿಗೂ ಮನಸ್ಸಾಗಲಿಲ್ಲ.

ಇದಕ್ಕೂ ಮುಂಚೆ ಕಲ್ಕತ್ತೆಯಲ್ಲಿ ಬೇರೆ ಥರದ ತರಗತಿಯೊಂದಿತ್ತು. 1817ರಲ್ಲಿ ಶುರುವಾದ ಹಿಂದೂ ಕಾಲೇಜಿಗೆ 1826ರಲ್ಲಿ ಡಿರೋಜಿಯೊ ಎಂಬ ಹುಡುಗ ಮೇಷ್ಟ್ರಾಗಿ ಬಂದ. ಹುಡುಗ ಎಂದೇ ಹೇಳಬೇಕು, ಆಗ ಅವನಿಗೆ ಹದಿನೇಳು. ಇಂಗ್ಲಿಷ್ ಸಾಹಿತ್ಯ, ಚರಿತ್ರೆ ಕಲಿಸುತ್ತಿದ್ದ, ತಾನೂ ಕವಿತೆ ಬರೆಯುತ್ತಿದ್ದ. ಶಿಷ್ಯರನ್ನು ವಾದಕ್ಕೆ ಹಚ್ಚುತ್ತಿದ್ದ. ಮಕ್ಕಳು ಮನೆಗೆ ಬಂದು ಹಿರಿಯರನ್ನು ಪ್ರಶ್ನೆ ಕೇಳತೊಡಗಿದಾಗ ಊರಿನವರು ಕಂಗಾಲಾದರು. 1831ರಲ್ಲಿ ಅವನು ಕೆಲಸ ಬಿಡಬೇಕಾಯಿತು; ಅದೇ ವರ್ಷ ಕಾಲರಾದಲ್ಲಿ ಸತ್ತ, 22 ವರ್ಷಕ್ಕೆ. ಓದಿದ್ದರಿಂದ ವಿದ್ಯಾರ್ಥಿಗೆ ಸ್ವಂತ ಮಾತು ಹುಟ್ಟಬೇಕು ಎಂದುಕೊಂಡಿದ್ದ ಮೇಷ್ಟ್ರ ಕಥೆ ಹೀಗಾಯಿತು.

1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಬಂದವು. ಅವು ಮೊದಮೊದಲು ಪಾಠ ಹೇಳುವ ಜಾಗಗಳಲ್ಲ, ಪರೀಕ್ಷೆ ಮಾಡುವ ಕಚೇರಿಗಳು. ಎಲ್ಲೋ ಇರುವ ಕಾಲೇಜಿನ ಹುಡುಗನ ಉತ್ತರಪತ್ರಿಕೆಯನ್ನು ಅವನ ಮುಖ ನೋಡದ ಇನ್ಯಾರೋ ತಿದ್ದಬೇಕು. ಅಂಥ ಏರ್ಪಾಡಿನಲ್ಲಿ ಎಲ್ಲರ ಉತ್ತರವೂ ಒಂದೇ ಅಚ್ಚಿನಲ್ಲಿದ್ದರೆ ತಿದ್ದುವವರಿಗೆ ಸುಲಭ, ಬರೆಯುವವರಿಗೂ ಕ್ಷೇಮ. ನೋಟ್ಸು ಮತ್ತು ಗೈಡು ಎನ್ನುವ ನಮ್ಮ ಎರಡು ಮಹಾಗ್ರಂಥಗಳು ಹುಟ್ಟಿದ್ದೇ ಇದರಿಂದ ಎಂದು ನನ್ನ ಎಣಿಕೆ. 1858ರಲ್ಲಿ ಕಲ್ಕತ್ತೆಯ ಮೊದಲ ಬಿ.ಎ. ಪರೀಕ್ಷೆಯಲ್ಲಿ ಪಾಸಾದವರು ಇಬ್ಬರೇ, ಅದೂ ಕೃಪಾಂಕ ಕೊಟ್ಟ ಮೇಲೆ. ಅವರಲ್ಲಿ ಒಬ್ಬರು ಬಂಕಿಮಚಂದ್ರರು. ಮೊದಲ ಕಾದಂಬರಿಯನ್ನು ಅವರು ಇಂಗ್ಲಿಷಿನಲ್ಲಿ ಬರೆದರು, 1864ರಲ್ಲಿ ಅದು ಪತ್ರಿಕೆಯಲ್ಲಿ ಬಂತು. ಮರುವರ್ಷವೇ ಬಂಗಾಳಿಯಲ್ಲಿ 'ದುರ್ಗೇಶನಂದಿನಿ' ಬರೆದರು; ಆಮೇಲೆ ಕಾದಂಬರಿಗೆಂದು ಇಂಗ್ಲಿಷಿನ ಕಡೆ ತಿರುಗಲಿಲ್ಲ.

ಹೆಂಗಸರ ವಿಷಯಕ್ಕೆ ಬರೋಣ. ಇಲ್ಲಿ ನಮಗೆ ಹೆಮ್ಮೆಪಡಲು ಒಂದು ಸಂಗತಿಯಿದೆ. ಕಲ್ಕತ್ತ ವಿಶ್ವವಿದ್ಯಾಲಯ 1878ರಲ್ಲೇ ಹೆಣ್ಣುಮಕ್ಕಳನ್ನು ಪರೀಕ್ಷೆಗೆ ಕೂರಿಸಲು ಒಪ್ಪಿತು. 1883ರಲ್ಲಿ ಕಾದಂಬಿನಿ ಬಸು ಮತ್ತು ಚಂದ್ರಮುಖಿ ಬಸು ಬಿ.ಎ. ಆದರು. ಕಾದಂಬಿನಿ ಡಾಕ್ಟರಾಗಲು ಹೋದರು. ಚಂದ್ರಮುಖಿ 1884ರಲ್ಲಿ ಎಂ.ಎ. ಕೂಡ ಮುಗಿಸಿದರು, ಮುಂದೆ ತಾವು ಓದಿದ ಬೆಥೂನ್ ಕಾಲೇಜಿಗೇ ಪ್ರಿನ್ಸಿಪಾಲರಾದರು. ಎಂ.ಎ. ಆದಾಗ ಈಶ್ವರಚಂದ್ರ ವಿದ್ಯಾಸಾಗರರು ಅವರಿಗೆ ಷೇಕ್ಸ್‌ಪಿಯರನ ಸಮಗ್ರ ಕೃತಿಗಳನ್ನು ಉಡುಗೊರೆ ಕೊಟ್ಟರಂತೆ. ಸೀರೆಯಲ್ಲ, ಬಳೆಯಲ್ಲ, ಷೇಕ್ಸ್‌ಪಿಯರ್! ಆಕ್ಸ್‌ಫರ್ಡು ತನ್ನ ದೇಶದ ಹೆಣ್ಣುಮಕ್ಕಳಿಗೆ ಪದವಿ ಕೊಡಲು 1920ರವರೆಗೆ ಕಾಯಿಸಿತು, ಕೇಂಬ್ರಿಜ್ಜು 1948ರವರೆಗೆ. ಅಷ್ಟು ವರ್ಷ ಆ ಹುಡುಗಿಯರು ಪಾಠ ಕೇಳಬಹುದು, ಪರೀಕ್ಷೆ ಬರೆಯಬಹುದು, ಪದವಿ ಮಾತ್ರ ಕೇಳುವಂತಿಲ್ಲ.

ಬೆಥೂನ್ ಕಾಲೇಜಿನಿಂದ ನಮ್ಮ ಮೈಸೂರಿಗೂ ಒಂದು ಎಳೆ ಬಂದಿದೆ. ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆ ಮೈಸೂರಿನಲ್ಲಿ ಶುರುವಾದದ್ದು 1881ರಲ್ಲಿ. 1890ರ ದಶಕದ ಮಧ್ಯದಲ್ಲಿ ಆ ಶಾಲೆಗೆ ಟೀಚರಾಗಿ ಬಂದವರು ಸರಳಾದೇವಿ. ರವೀಂದ್ರನಾಥ ಠಾಕೂರರ ಅಕ್ಕ ಸ್ವರ್ಣಕುಮಾರಿಯ ಮಗಳು, 1890ರಲ್ಲಿ ಬೆಥೂನ್ ಕಾಲೇಜಿನಿಂದ ಇಂಗ್ಲಿಷಿನಲ್ಲಿ ಬಿ.ಎ. ಮಾಡಿದವರು. ಮನೆಯಲ್ಲಿ ಊಟಕ್ಕೆ, ಬಟ್ಟೆಗೆ ಏನೂ ಕಡಿಮೆಯಿರಲಿಲ್ಲ. ಗಂಡಸರಂತೆ ತಾನೂ ದುಡಿಯಬೇಕು ಎನ್ನುವ ಹಟಕ್ಕೆ ಮದುವೆಯಾಗದ ಹೆಣ್ಣುಮಗಳು ಆ ಕಾಲದಲ್ಲಿ ಕಲ್ಕತ್ತೆಯಿಂದ ಮೈಸೂರಿನವರೆಗೆ ಬಂದಳು ಎಂದರೆ ಯೋಚಿಸಿ. ಹೆಚ್ಚು ಕಾಲ ನಿಲ್ಲಲಿಲ್ಲ, ವಾಪಸು ಹೋಗಿ ಪತ್ರಿಕೆ ನಡೆಸಿದರು, ಬಂಗಾಳಿಯಲ್ಲಿ ಬರೆದರು. ಇಂಗ್ಲಿಷ್ ಓದಿದವರು ಬರೆಯಲು ತಮ್ಮ ಭಾಷೆಗೆ ಮರಳುವ ಕಥೆ ಹೆಣ್ಣುಮಕ್ಕಳಲ್ಲೂ ಉಂಟು ಎನ್ನುವುದಕ್ಕೆ ಇವರನ್ನು ನೆನೆದೆ.

ನಮ್ಮಲ್ಲಿ ಆ ಕಥೆಯ ದೊಡ್ಡ ಹೆಸರು ಬಿ.ಎಂ.ಶ್ರೀ. ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪ್ರೊಫೆಸರರು. 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘಕ್ಕೆ ಹೋಗಿ ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಮಾತಾಡಿದರು. ಕಾಲೇಜಿನಲ್ಲಿ ತಾವು ಪಾಠ ಹೇಳುತ್ತಿದ್ದಂಥ ಕವಿತೆಗಳನ್ನೇ ಕನ್ನಡಕ್ಕೆ ತಂದು, ಆದಿಪ್ರಾಸದ ಕಟ್ಟು ಸಡಿಲಿಸಿ, 1920ರ ದಶಕದಲ್ಲಿ 'ಇಂಗ್ಲಿಷ್ ಗೀತಗಳು' ಕೊಟ್ಟರು. 'ಕರುಣಾಳು ಬಾ ಬೆಳಕೆ' ನಮ್ಮ ತಾಯಂದಿರ ಬಾಯಲ್ಲಿ ದೇವರನಾಮವೇ ಆಗಿಬಿಟ್ಟಿತು. ಅದು ನ್ಯೂಮನ್ ಎಂಬ ಇಂಗ್ಲಿಷ್ ಪಾದ್ರಿಯದು ಎಂದರೆ ನಮ್ಮಜ್ಜಿ ನಂಬುತ್ತಲೇ ಇರಲಿಲ್ಲ. ಅದೇ ಸಂಕಲನದಲ್ಲಿ 'ದುಃಖಸೇತು' ಎಂಬ ಪದ್ಯವಿದೆ, ತಾಮಸ್ ಹುಡ್‌ನದು. ದಿಕ್ಕಿಲ್ಲದೆ ಹೊಳೆಗೆ ಹಾರಿ ಸತ್ತ ಹೆಣ್ಣೊಬ್ಬಳ ಶವವನ್ನು ಮೇಲೆತ್ತುವ ಪದ್ಯ. ಊರ ಕೆರೆಬಾವಿಗಳ ಕಥೆ ಗೊತ್ತಿದ್ದ ನಮ್ಮ ಹೆಂಗಸರಿಗೆ ಲಂಡನ್ನಿನ ಆ ಸೇತುವೆ ದೂರದ್ದಾಗಿ ಕಂಡಿರಲಾರದು.

ಕುವೆಂಪು ಅವರ ಪ್ರಸಂಗವಂತೂ ಎಲ್ಲರಿಗೂ ಗೊತ್ತು. ಮೈಸೂರಿನಲ್ಲಿ ಓದುತ್ತಿದ್ದಾಗ 1922ರಲ್ಲಿ ಇಂಗ್ಲಿಷ್ ಕವಿತೆಗಳ ಪುಟ್ಟ ಪುಸ್ತಕವನ್ನೇ ಅಚ್ಚು ಹಾಕಿಸಿದ್ದರು. 1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ತಮ್ಮ ಕವಿತೆಗಳನ್ನು ತೋರಿಸಲು ಹೋದರು. ನಿನ್ನ ಭಾಷೆಯಲ್ಲಿ ಏನಾದರೂ ಬರೆದಿದ್ದೀಯಾ ಎಂದು ಅವರು ಕೇಳಿದರು. ಐರಿಷ್ ಮನುಷ್ಯನಾದ್ದರಿಂದ ಆ ಪ್ರಶ್ನೆ ಅವರಿಗೆ ಹೊಳೆಯಿತೇನೋ. ಇಂಗ್ಲಿಷು ತನ್ನ ಮನೆಮಾತನ್ನು ನುಂಗಿದ್ದನ್ನು ಕಂಡ ದೇಶ ಅದು.

ಇಷ್ಟೆಲ್ಲ ಚರಿತ್ರೆ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ನಾನು ಬಿ.ಎ.ಗೆ ಇಂಗ್ಲಿಷ್ ಸಾಹಿತ್ಯ ತೆಗೆದುಕೊಂಡು ಓದಿದ್ದು 1970ರ ದಶಕದಲ್ಲಿ, ನಮ್ಮ ಜಿಲ್ಲಾ ಕೇಂದ್ರದ ಒಂದು ಕಾಲೇಜಿನಲ್ಲಿ. ಊರಿನಿಂದ ಬೆಳಿಗ್ಗೆ ಏಳೂವರೆ ಬಸ್ಸು. ತರಗತಿಯಲ್ಲಿ ನಲವತ್ತು ಹುಡುಗರು, ಏಳು ಹುಡುಗಿಯರು. ಮೊದಲ ಎರಡು ಬೆಂಚು ನಮ್ಮದು. ಮೇಷ್ಟ್ರು ಒಳಗೆ ಬಂದ ಮೇಲೆ ಅವರ ಹಿಂದೆ ಒಳಗೆ ಹೋಗಬೇಕು, ಅವರು ಹೊರಟ ಕೂಡಲೇ ಅವರ ಹಿಂದೆಯೇ ಹೊರಬರಬೇಕು. ಬಾತುಕೋಳಿ ಮರಿಗಳ ಹಾಗೆ.

ಪಾಠವೆಂದರೆ ನೋಟ್ಸು. ಮಾಸಿದ ಹಳದಿ ಹಾಳೆಗಳನ್ನು ನೋಡಿ ಮೇಷ್ಟ್ರು ಹೇಳುತ್ತ ಹೋಗುವರು, 'ಕಾಮಾ', 'ಫುಲ್ ಸ್ಟಾಪ್' ಸಮೇತ. ನಾವು ಬರೆದುಕೊಳ್ಳುವುದು. ಕವಿ ಪ್ರಕೃತಿಪ್ರೇಮಿ ಎಂದು ನೋಟ್ಸಿನಲ್ಲಿದ್ದರೆ ಪ್ರಕೃತಿಪ್ರೇಮಿ. ನಾನ್-ಡೀಟೇಲ್ಡ್ ಪುಸ್ತಕವಾಗಿ 'ಸೈಲಸ್ ಮಾರ್ನರ್' ಇತ್ತು. ಬರೆದವರು ಜಾರ್ಜ್ ಎಲಿಯಟ್. ನೋಟ್ಸಿನಲ್ಲಿ ಬರೀ 'ದಿ ಆಥರ್' ಎಂದಿರುತ್ತಿದ್ದರಿಂದ ಜಾರ್ಜ್ ಅಂದರೆ ಗಂಡಸೇ ಎಂದು ಅರ್ಧ ತರಗತಿ ವರ್ಷವಿಡೀ ತಿಳಿದಿತ್ತು. ಆಕೆ ಮೇರಿ ಆನ್ ಇವಾನ್ಸ್ ಎಂಬ ಹೆಂಗಸು ಎಂದು ಪುಸ್ತಕದ ಮುನ್ನುಡಿಯಲ್ಲಿ ಓದಿ ನಮ್ಮ ಬೆಂಚಿನ ಒಬ್ಬಳು ಎಲ್ಲರಿಗೂ ತೋರಿಸಿದಳು. ಹೆಂಗಸು ಯಾಕೆ ಗಂಡಸಿನ ಹೆಸರಿಟ್ಟುಕೊಂಡಳು ಎಂದು ಕೇಳಬೇಕೆಂದು ನಮಗೆಲ್ಲ ಆಸೆ. ಯಾರು ಕೇಳುವುದು? ಏಳು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಗಂಟೆ ಹೊಡೆಯಿತು.

ವಾರಕ್ಕೊಂದು ಕಾಂಪೊಸಿಷನ್ ಕ್ಲಾಸು. ಒಂದು ಸಲ ಕೊಟ್ಟ ವಿಷಯ, ನೀವು ಕಂಡ ಒಂದು ಪ್ರಕೃತಿ ಸೌಂದರ್ಯ. ಆ ವಾರವಷ್ಟೇ ವರ್ಡ್ಸ್‌ವರ್ತನ ಡ್ಯಾಫೊಡಿಲ್ ಪದ್ಯ ಮುಗಿದಿತ್ತು. ನಮ್ಮಲ್ಲಿ ಯಾರೂ ಆ ಹೂ ನೋಡಿದವರಲ್ಲ. ಹಳದಿ ಹೂ, ಗಾಳಿಗೆ ತಲೆದೂಗುತ್ತದೆ ಎಂದಾಗ ನನ್ನ ಕಣ್ಣಿಗೆ ಕಟ್ಟಿದ್ದು ನಮ್ಮೂರಿನ ಹುಚ್ಚೆಳ್ಳು. ಬಯಲುಸೀಮೆಯ ಕಡೆಯವರು ಕಂಡೇ ಇರುತ್ತೀರಿ. ರಾಗಿ ಹೊಲದ ನಡುವೆ ಅಕ್ಕಡಿ ಸಾಲಿನಲ್ಲೂ ಹಾಕುತ್ತಾರೆ, ಕೆಲವರು ಇಡೀ ಹೊಲಕ್ಕೇ ಚೆಲ್ಲುತ್ತಾರೆ. ದೀಪಾವಳಿ ಹೊತ್ತಿಗೆ ಬಸ್ಸಿನ ಎರಡೂ ಕಡೆ ಅರಿಶಿನ ಚೆಲ್ಲಿದ ಹಾಗೆ. ಜೇನುಹುಳಗಳ ಸದ್ದು ಬಸ್ಸು ನಿಂತಾಗ ಒಳಗೂ ಕೇಳುತ್ತದೆ. ನಾನು ಅದನ್ನೇ ಬರೆದೆ, ಒಂದೂವರೆ ಪುಟ. ಆ ಹೂವಿನ ಇಂಗ್ಲಿಷ್ ಹೆಸರು ಡಿಕ್ಷನರಿಯಲ್ಲಿ ಹುಡುಕುವ ದಾರಿ ಗೊತ್ತಿರಲಿಲ್ಲವಾದ್ದರಿಂದ 'ಹುಚ್ಚೆಳ್ಳು' ಎಂದೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದೆ.

ಮುಂದಿನ ವಾರ ಮೇಷ್ಟ್ರು ನನ್ನ ಪುಸ್ತಕ ಎತ್ತಿಹಿಡಿದು, "ಏನಮ್ಮಾ, ಇದೇನು ಮ್ಯಾಡ್ ಸೆಸಮಿ?" ಎಂದರು. ಹುಚ್ಚು, ಎಳ್ಳು. ಇಡೀ ತರಗತಿ ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ ಆ ಹೆಸರನ್ನೇ ನನಗೆ ಇಟ್ಟರು, ಎರಡು ವರ್ಷ ಅದು ಹೋಗಲಿಲ್ಲ. ಹತ್ತಕ್ಕೆ ಎರಡು ಮಾರ್ಕು. ಒಂದೂವರೆ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೀಟು, ಅಡಿಯಲ್ಲಿ ಪಠ್ಯದ ಭಾಷೆಯನ್ನು ಬಳಸಿ ಎಂದು ಇಂಗ್ಲಿಷಿನಲ್ಲಿ ಷರಾ. ಪಕ್ಕದ ಗೆಳತಿ ಗೈಡಿನಿಂದ ಡಾರ್ಜಿಲಿಂಗಿನ ಸೂರ್ಯೋದಯ ಇಳಿಸಿದ್ದಳು. ಅವಳು ಹಾಸನದಿಂದ ಆಚೆ ಹೋದವಳೇ ಅಲ್ಲ. ಅವಳಿಗೆ ಏಳು ಬಂತು.

ಆ ಮೇಷ್ಟ್ರು ಕೆಟ್ಟವರಲ್ಲ. ಫೀಸು ಕಟ್ಟಲಾಗದ ಹುಡುಗರಿಗೆ ಕೈಯಿಂದ ಕಟ್ಟುತ್ತಿದ್ದರು ಎಂದು ಆಮೇಲೆ ತಿಳಿಯಿತು. ಅವರಿಗೂ ಯಾರೋ ಹೀಗೇ ಗೀಟೆಳೆದಿರಬೇಕು. ಅವರ ಮೇಷ್ಟ್ರಿಗೆ ಅವರ ಮೇಷ್ಟ್ರು. ಹಿಂದೆ ಹೋಗುತ್ತ ಹೋದರೆ 1857ರ ಪರೀಕ್ಷೆಯ ಕಚೇರಿಯೇ ಸಿಗುತ್ತದೋ ಏನೋ. ಆದರೂ ಆ ಎರಡು ಮಾರ್ಕನ್ನು ನಾನು ಕ್ಷಮಿಸಿಲ್ಲ, ಕ್ಷಮಿಸಬೇಕೆಂದು ಅನ್ನಿಸಿಯೂ ಇಲ್ಲ. ಕಣ್ಣಿನಿಂದ ನೋಡಿದ್ದನ್ನು ಬರೆಯಬಾರದು ಎಂಬ ಪಾಠ ಅದು. ಮುಂದಿನ ಎರಡು ವರ್ಷ ನಾನೂ ಗೈಡಿನ ಸೂರ್ಯೋದಯಗಳನ್ನೇ ಬರೆದು ಫಸ್ಟ್ ಕ್ಲಾಸಿನಲ್ಲಿ ಪಾಸಾದೆ.

ಮದುವೆಯಾಗಿ, ಇಬ್ಬರು ಮಕ್ಕಳು ಸ್ಕೂಲಿಗೆ ಹೋಗತೊಡಗಿದ ಮೇಲೆ ಮಧ್ಯಾಹ್ನದ ಎರಡು ಗಂಟೆ ನನ್ನದಾಯಿತು. ಊರಿನ ಸಾರ್ವಜನಿಕ ಲೈಬ್ರರಿಯಲ್ಲಿ ಇಂಗ್ಲಿಷ್ ಬೀರುವಿನ ಬೀಗ ತೆಗೆಸಲು ಒಂದು ವಾರ ಓಡಾಡಬೇಕಾಯಿತು. ಒಳಗೆ ಸಿಕ್ಕಿದ್ದು ಡೊರತಿ ವರ್ಡ್ಸ್‌ವರ್ತಳ ದಿನಚರಿ, ಕವಿಯ ತಂಗಿಯದು. 1802ರ ಏಪ್ರಿಲ್ 15ರಂದು ಅಣ್ಣ ತಂಗಿ ಇಬ್ಬರೂ ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ನಡೆದು ಬರುವಾಗ ಆ ಹೂಗಳನ್ನು ಕಂಡರು. ಡೊರತಿ ತನ್ನ ದಿನಚರಿಯಲ್ಲಿ ಎಲ್ಲ ಬರೆದಿಟ್ಟಳು: ಮೊದಲು ಕೆಲವೇ ಕಂಡದ್ದು, ಹೋಗುತ್ತ ಹೋಗುತ್ತ ಹೆಚ್ಚಾದದ್ದು, ಗಾಳಿಗೆ ಅವು ಆಡಿದ ರೀತಿ. ಅಣ್ಣ ಪದ್ಯ ಬರೆದದ್ದು ಎರಡು ವರ್ಷದ ಮೇಲೆ, 1804ರಲ್ಲಿ, ಅಚ್ಚಾದದ್ದು 1807ರಲ್ಲಿ. ಪದ್ಯದಲ್ಲಿ ಅವನು ಒಂಟಿಯಾಗಿ ಅಲೆಯುತ್ತಾನೆ. ದಾರಿಯಲ್ಲಿದ್ದವರು ಇಬ್ಬರು. ಪದ್ಯದ ಕೊನೆಯ ಭಾಗದಲ್ಲಿ ಒಳಗಣ್ಣಿನ ಮಾತು ಬರುವ ಎರಡು ಸಾಲನ್ನು ಹೊಳೆಯಿಸಿದವಳು ಅವನ ಹೆಂಡತಿ ಮೇರಿ. ಪದ್ಯದಲ್ಲೆಲ್ಲ ಅವೇ ಒಳ್ಳೆಯ ಸಾಲು ಎಂದು ಅವನೇ ಒಪ್ಪಿಕೊಂಡಿದ್ದಾನೆ. ತಂಗಿಯ ಕಣ್ಣು, ಹೆಂಡತಿಯ ಎರಡು ಸಾಲು, ಅಣ್ಣನ ಹೆಸರು. ಇದನ್ನು ತಿಳಿದ ಮೇಲೆ ನನಗೆ ಕವಿಯ ಮೇಲೆ ಸಿಟ್ಟು ಬರಲಿಲ್ಲ, ಪದ್ಯ ಒಳ್ಳೆಯದೇ. ನಮ್ಮ ನೋಟ್ಸಿನ ಮೇಲೆ ಬಂತು. ಏಳು ಹುಡುಗಿಯರು ಕೂತ ತರಗತಿಯಲ್ಲಿ ಇದನ್ನು ಹೇಳಲು ಎರಡು ನಿಮಿಷ ಸಾಕಿತ್ತು.

ಹುಡುಕತೊಡಗಿದ ಮೇಲೆ ಇಂಥವು ಸಿಗುತ್ತಲೇ ಹೋದವು. ಅದೇ 1807ರಲ್ಲಿ ಅಚ್ಚಾದ 'ಟೇಲ್ಸ್ ಫ್ರಮ್ ಷೇಕ್ಸ್‌ಪಿಯರ್' ಓದದೆ ನಮ್ಮ ಕಾಲದಲ್ಲಿ ಯಾರೂ ಹೈಸ್ಕೂಲು ದಾಟಿಲ್ಲ. ಮೊದಲ ಮುದ್ರಣದ ಮೇಲೆ ಇದ್ದದ್ದು ಚಾರ್ಲ್ಸ್ ಲ್ಯಾಂಬ್ ಹೆಸರೊಂದೇ. 20 ಕಥೆಗಳಲ್ಲಿ 14ನ್ನು ಬರೆದವಳು ಅವನ ಅಕ್ಕ ಮೇರಿ. ಅವಳ ಬದುಕು ದೊಡ್ಡ ದುಃಖದ್ದು. ಹೊಲಿಗೆಯಿಂದ ಮನೆ ಸಾಗಿಸುತ್ತಿದ್ದಳು, ಕಾಯಿಲೆಯ ತಂದೆ ತಾಯಿಯನ್ನು ನೋಡಿಕೊಳ್ಳುತ್ತಿದ್ದಳು. 1796ರಲ್ಲಿ ಬುದ್ಧಿಭ್ರಮಣೆಯ ಒಂದು ಗಳಿಗೆಯಲ್ಲಿ ತಾಯಿಯನ್ನೇ ಇರಿದು ಕೊಂದಳು. ತಮ್ಮ ಅವಳ ಕೈಬಿಡಲಿಲ್ಲ. ಮದುವೆಯಾಗದೆ ಜೀವನಪೂರ್ತಿ ಅಕ್ಕನನ್ನು ನೋಡಿಕೊಂಡ. ಅಂಥ ಅಕ್ಕ ಕೂತು ಮಕ್ಕಳಿಗಾಗಿ ಷೇಕ್ಸ್‌ಪಿಯರನ ನಗೆನಾಟಕಗಳನ್ನು ಕಥೆ ಮಾಡಿದಳು. ಪುಸ್ತಕದ ಮುನ್ನುಡಿಯಲ್ಲಿ ಒಂದು ಮಾತಿದೆ. ಗಂಡುಮಕ್ಕಳಿಗೆ ಅಪ್ಪನ ಪುಸ್ತಕದ ಕೋಣೆ ಬೇಗ ತೆರೆಯುತ್ತದೆ, ಹೆಣ್ಣುಮಕ್ಕಳಿಗೆ ತಡವಾಗಿ. ಅದಕ್ಕೇ ಈ ಪುಸ್ತಕ ಮುಖ್ಯವಾಗಿ ಹುಡುಗಿಯರಿಗೆ ಎನ್ನುವ ಅರ್ಥದ್ದು. 1815ರಲ್ಲಿ ಅವಳು ಹೊಲಿಗೆಯ ಬಗ್ಗೆಯೇ ಒಂದು ಲೇಖನ ಬರೆದಳು, ಅದೂ ಬೇರೆ ಹೆಸರಿನಲ್ಲಿ. ಉಳ್ಳವರ ಮನೆಯ ಹೆಂಗಸರು ಹೊತ್ತು ಕಳೆಯಲು ಹೊಲಿಯುತ್ತ ಕೂತರೆ ಹೊಲಿದೇ ಹೊಟ್ಟೆ ಹೊರೆಯುವವರ ಕೂಲಿ ಹೋಗುತ್ತದೆ ಎಂದು ಅದರಲ್ಲಿ ವಾದಿಸಿದಳು. ನನಗೆ ಇಂಗ್ಲಿಷ್ ಸಾಹಿತ್ಯ ಇಷ್ಟವಾದದ್ದು ಆ ಬೀರುವಿನ ಮುಂದೆ ನಿಂತೇ ಹೊರತು ಬೆಂಚಿನ ಮೇಲಲ್ಲ.

ಹಾಗೆಂದು ಇಂಗ್ಲಿಷ್ ಕ್ಲಾಸಿನಿಂದ ನಮ್ಮ ಹೆಣ್ಣುಮಕ್ಕಳಿಗೆ ಏನೂ ದಕ್ಕಲಿಲ್ಲ ಎನ್ನಲಾರೆ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ವೀಣಾ ಶಾಂತೇಶ್ವರರು ಕನ್ನಡದಲ್ಲಿ ಬರೆದ ಕಥೆಗಳನ್ನು ಓದಿ ನಮ್ಮ ತಲೆಮಾರಿನವರು ಬೆಚ್ಚಿದ್ದುಂಟು. ಇನ್ನೊಂದು ಕಡೆ, ಇಂಗ್ಲಿಷ್ ಕಾಲೇಜಿನ ಮೆಟ್ಟಿಲೇ ಹತ್ತದೆ, ಬಾಲವಿಧವೆಯಾಗಿ ಮನೆಯಲ್ಲೇ ಓದಿಕೊಂಡು, ಗ್ರಂಥಮಾಲೆ ನಡೆಸಿದ ನಂಜನಗೂಡು ತಿರುಮಲಾಂಬ ಇದ್ದಾರೆ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಬೇಕಾಗಿಲ್ಲ.

ಅಮ್ಮ ತೀರಿಕೊಂಡ ಮೇಲೆ ಅವಳ ಟ್ರಂಕಿನಲ್ಲಿ ನನ್ನ ಆ ಕಾಂಪೊಸಿಷನ್ ಪುಸ್ತಕ ಸಿಕ್ಕಿತು. ಕೆಂಪು ಗೀಟಿನ ಪುಟ ಹಾಗೇ ಇತ್ತು. ನಾನು ಖಾಲಿ ಬಿಟ್ಟ ಪುಟಗಳನ್ನು ಅಮ್ಮ ದಂಡ ಮಾಡಿರಲಿಲ್ಲ. ಹಾಲಿನ ಲೆಕ್ಕ, ಅಗಸರ ಬಟ್ಟೆ ಲೆಕ್ಕ, ಸೋದರಮಾವನ ಮಗಳ ಮದುವೆಗೆ ಕೊಟ್ಟ ಮುಯ್ಯಿ, ಮಳೆ ಬಂದ ದಿನ, ಹಸು ಈದ ದಿನ, ಎಲ್ಲ ಪೆನ್ಸಿಲಿನಲ್ಲಿ ಪುಟ್ಟ ಅಕ್ಷರದ ಕನ್ನಡದಲ್ಲಿ. ಗೀಟಿನ ಪುಟದ ಎದುರು ಪುಟದಲ್ಲಿ ಹೀಗಿದೆ: ಕೆರೆ ಹಿಂದಿನ ಹೊಲದಲ್ಲಿ ಹುಚ್ಚೆಳ್ಳು ಈ ಸಲ ಚೆನ್ನಾಗಿ ಹೂ ಕಟ್ಟಿದೆ, ಒಕ್ಕಣೆ ಆದ ಮೇಲೆ ಚಟ್ನಿಪುಡಿಗೆ ಎರಡು ಸೇರು ಹೇಳಿಡಬೇಕು.